ಸೇಬಿನ ಮುದ್ರೆಯ ಮಾಲ್ಸುನ್

"ಯಾವ ಪುಣ್ಯಾತ್ಮ ಇದರೊಳಗೆ ಕಾಫಿ ಸುರಿದಿದ್ದು?"

ದಕ್ಷಿಣ ಕೊರಿಯಾದ ದೇಗು ನಗರದ ಮುದ್ರಣಾಲಯಗಳ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕಾಗದ ಕತ್ತರಿಸುವ ಅಂಗಡಿಯ ಹಿಂದಿನ ತೊಟ್ಟಿಯೊಳಗೆ ಸೊಂಟದವರೆಗೆ ಬಗ್ಗಿರುವ ಹೆಂಗಸಿನ ದನಿ ಇದು. ಕಂಕುಳಲ್ಲಿ ಟಾರ್ಚು, ಕಿವಿ ಮುಚ್ಚುವ ಉಣ್ಣೆ ಟೋಪಿ, ಬೆರಳ ತುದಿಗಳನ್ನು ಕತ್ತರಿಸಿ ತೆಗೆದ ಕೈಗವಸು. ಆಕೆ ಒಂದು ತೆಳು ರಟ್ಟನ್ನು ಎತ್ತಿ ಮೂಸುತ್ತಾರೆ, ಮುಖ ಸಿಂಡರಿಸಿ ಬದಿಗೆ ಎಸೆಯುತ್ತಾರೆ. ಇನ್ನೊಂದನ್ನು ಬಗ್ಗಿಸಿ ನೋಡಿ ಚೀಲಕ್ಕೆ ಹಾಕುತ್ತಾರೆ.

"ಇಷ್ಟು ಒಳ್ಳೇ ರಟ್ಟು! ಮಗುವಿನ ಕೆನ್ನೆ ಇದ್ದ ಹಾಗಿದೆ. ಇದರ ಮೇಲೆ ಕಾಫಿ ಚೆಲ್ಲೋಕೆ ಮನಸ್ಸಾದ್ರೂ ಹೇಗ್ ಬರುತ್ತೆ ಇವ್ರಿಗೆ? ನೀವೇನ್ ನೋಡ್ತಾ ನಿಂತಿದೀರ, ಚೀಲದ ಬಾಯಿ ಹಿಡ್ಕೊಳ್ಳಿ."

ನಾನು ಚೀಲದ ಬಾಯಿ ಹಿಡಿಯುತ್ತೇನೆ. ತಾಕ್ ಮಾಲ್ಸುನ್ ಅವರನ್ನು ಸಂದರ್ಶಿಸುವುದೆಂದರೆ ಹೀಗೇ. ಅವರಿಗೆ ಅರವತ್ತೆಂಟು ವರ್ಷ. ಕರ್ನಾಟಕದಿಂದ ಬಂದ ನಾನು ಇದೇ ಓಣಿಯಲ್ಲಿ ಬಾಡಿಗೆಗೆ ನಿಂತಂದಿನಿಂದ ಅವರು ಬೈಯದೆ ಬೆಳಗಾದದ್ದು ನನಗೆ ನೆನಪಿಲ್ಲ.

ಅವರು ಮಾಡುವುದು ಚೀಟಿ. ಕಡುಬಿನ ಡಬ್ಬಿಗೆ, ಜೇನಿನ ಬಾಟಲಿಗೆ, ಮದುವೆಯ ಉಡುಗೊರೆಗೆ ದಾರದಲ್ಲಿ ಕಟ್ಟುವ, ಅರ್ಧ ಅಂಗೈ ಮುಚ್ಚುವಷ್ಟು ಅಗಲದ ಚೀಟಿ. ಹೇಳಿದವರಿಗೆ ಮಡಚುವ ಶುಭಾಶಯ ಪತ್ರವನ್ನೂ ಮಾಡಿಕೊಡುತ್ತಾರೆ. ಎಲ್ಲವೂ ಮುದ್ರಣಾಲಯಗಳು ಬಿಸಾಕಿದ ತುಂಡುಗಳಿಂದಲೇ. ಔಷಧದ ಡಬ್ಬಿಯ ಅಂಚು, ಹಳೆ ಕ್ಯಾಲೆಂಡರು, ಸೇಬಿನ ಪೆಟ್ಟಿಗೆಯ ಮುಚ್ಚಳ. ಅಚ್ಚಾದ ಮುಖಗಳು ಒಳಗೆ ಹೋಗುವಂತೆ ಎರಡು ತುಂಡುಗಳನ್ನು ಅನ್ನದ ಅಂಟಿನಿಂದ ಕೂಡಿಸಿ, ಉಪ್ಪಿನಕಾಯಿ ಜಾಡಿಯ ಮೇಲಿಡುವ ಕಲ್ಲಿನ ಕೆಳಗೆ ರಾತ್ರಿಯಿಡೀ ಒತ್ತಿಡುತ್ತಾರೆ. ಬೆಳಿಗ್ಗೆ ಅದರ ಮೇಲೆ ರಬ್ಬರ್ ಮುದ್ರೆ. ಸೇಬು, ಜೀರುಂಡೆ, ಮಗುವಿನ ಮುಷ್ಟಿ, ಬಾತುಕೋಳಿಯ ಜೋಡಿ. ದಿನಕ್ಕೆ ನೂರು, ನೂರಿಪ್ಪತ್ತು ಚೀಟಿ. ಮದುವೆಯ ತಿಂಗಳುಗಳಲ್ಲಿ ಲೆಕ್ಕವೂ ಇಲ್ಲ, ಬೈಗುಳಕ್ಕೆ ಮಿತಿಯೂ ಇಲ್ಲ.

ಮುದ್ರೆಗಳ ರಬ್ಬರು ಬರುವುದು ಚಪ್ಪಲಿಯಿಂದ. ಹತ್ತಿರದ ಸಾರ್ವಜನಿಕ ಸ್ನಾನಗೃಹದವರು ಸವೆದ ಚಪ್ಪಲಿಗಳನ್ನು ಇವರಿಗಾಗಿ ತೆಗೆದಿಡುತ್ತಾರೆ. ಮಾಲ್ಸುನ್ ಹದಿನಾರನೇ ವಯಸ್ಸಿಗೆ ಬುಸಾನ್ ಬಂದರಿನ ಶೂ ಕಾರ್ಖಾನೆ ಸೇರಿದವರು. ಅಚ್ಚಿನಿಂದ ಬಂದ ಅಟ್ಟೆಯ ಅಂಚನ್ನು ಮೊನಚು ಚಾಕುವಿನಿಂದ ಹೆರೆಯುವ ಸಾಲಿನಲ್ಲಿ ಅವರ ಯೌವನವೆಲ್ಲ ಕಳೆಯಿತು. ಆ ಶೂಗಳು ಹಡಗು ಹತ್ತಿ ಹೋದವು. ಒಂದು ದಿನ ಕಾರ್ಖಾನೆಯೇ ಹಡಗು ಹತ್ತಿ, ಇನ್ನೂ ಕಡಿಮೆ ಕೂಲಿಯ ದೇಶಕ್ಕೆ ಹೋಯಿತು.

"ಬಾಗಿಲಿಗೆ ಬೀಗ ಹಾಕಿದ್ದನ್ನ ನಮಗೆ ಯಾರೂ ಹೇಳ್ಲಿಲ್ಲ. ಬೆಳಿಗ್ಗೆ ಊಟದ ಡಬ್ಬಿ ಹಿಡ್ಕೊಂಡು ಹೋದ್ವಿ. ಬೀಗ. ಡಬ್ಬಿ ಬಿಚ್ಚಿ ಗೇಟಿನ ಮುಂದೇನೇ ಕೂತು ಉಂಡ್ವಿ. ಮತ್ತೇನ್ ಮಾಡೋದು, ಅನ್ನ ಹಳಸುತ್ತಲ್ಲ. ಚಾಕು ಮಾತ್ರ ನನ್ನ ಜೇಬಲ್ಲೇ ಉಳೀತು."

ಗಂಡ ಈ ಓಣಿಯಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸುತ್ತಿದ್ದರು. ಅವರ ಹಿಂದೆ ಇಲ್ಲಿಗೆ ಬಂದ ಮಾಲ್ಸುನ್ ಔಷಧದ ಡಬ್ಬಿ ಮಡಚುವ ಕೆಲಸ ಹಿಡಿದರು. ಗಂಡ ತೀರಿಕೊಂಡರು, ಮಣಿಕಟ್ಟು ಕೈಕೊಟ್ಟಿತು, ಮಡಚಲು ಯಂತ್ರ ಬಂತು. ಎದುರುಮನೆಯ ಕಡುಬಿನಂಗಡಿಯ ಗೆಳತಿ ಪ್ಯೊ ಗಿಲ್ಲಿಮ್ ಅವರಿಗೆ ಒಂದು ಹಬ್ಬದ ಹಿಂದಿನ ದಿನ ಡಬ್ಬಿಗೆ ಹಚ್ಚುವ ಚೀಟಿ ಮುಗಿದುಹೋಗಿ, ಮಾಲ್ಸುನ್ ಚಪ್ಪಲಿಯ ಅಟ್ಟೆಯಲ್ಲಿ ಒಂದು ಸೇಬು ಕೆತ್ತಿ ಒತ್ತಿಕೊಟ್ಟರು. ಶುರುವಾದದ್ದು ಹಾಗೆ.

ಕಳೆದ ವಸಂತದಲ್ಲಿ ಟಿವಿಯವರು ಬಂದು, ಕಸದಿಂದ ರಸ ತೆಗೆಯುವ ಅಜ್ಜಿ ಎಂದು ಎರಡು ನಿಮಿಷ ತೋರಿಸಿದರು. ಮಾಲ್ಸುನ್ ಅವರ ತಾಳ್ಮೆಯ ಕೊನೆಯ ಎಳೆ ಅಂದೇ ಹರಿಯಿತು.

"ಮಾರನೇ ದಿನದಿಂದ ಊರಿನ ಕಸ ಎಲ್ಲಾ ನನ್ನ ಬಾಗಿಲಿಗೆ! ಒಬ್ಳು ಕೆಟ್ಟುಹೋದ ಅನ್ನದ ಕುಕ್ಕರ್ ಇಟ್ಟು ಹೋಗಿದ್ಲು. ಅದರ ಮೇಲೆ ಚೀಟಿ ಬೇರೆ, 'ಅಜ್ಜಿಗೆ ಪ್ರೀತಿಯಿಂದ'. ಕುಕ್ಕರಿನಿಂದ ನಾನು ಏನ್ ಮುದ್ರೆ ಒತ್ಲಿ ತಾಯಿ? ಇನ್ನೊಬ್ಬ ಬಂದು ನಿಮ್ಮನ್ನ ನೋಡಿದ್ರೆ ಭೂಮಿ ಉಳಿಯುತ್ತೆ ಅನ್ಸುತ್ತೆ ಅಂದ. ನನ್ನ ಸೊಂಟ ಉಳಿಯುತ್ತಾ ಅಂತ ಕೇಳ್ದೆ. ನಗ್ತಾನೆ! ನಾನು ತಮಾಷೆ ಮಾಡ್ಲಿಲ್ಲ ಕಣ್ರೀ."

ಆದರೆ ನಾನು ಇವರ ಬಗ್ಗೆ ಬರೆಯಬೇಕು ಅಂದುಕೊಂಡದ್ದು ಟಿವಿಯಿಂದಲ್ಲ, ಕಳೆದ ಶರತ್ಕಾಲದ ಒಂದು ಬೆಳಗಿನಿಂದ. ಅಂದು ನಾನು ಗಿಲ್ಲಿಮ್ ಅವರ ಅಂಗಡಿಯಲ್ಲಿ ಬಿಸಿ ಕಡುಬಿಗಾಗಿ ಕಾಯುತ್ತಿದ್ದೆ.

ಗ್ವಾಕ್ ಮನೆತನದ ಮೊಮ್ಮಗನಿಗೆ ವರ್ಷ ತುಂಬಿದ ಹಬ್ಬ. ಮಗುವಿನ ತಾಯಿ ಹಾನ್‌ಬ್ಯೊಲ್ ತಾನೇ ಬಂದು, ಸೇಬಿನ ಮುದ್ರೆಯ ಚೀಟಿಯೇ ಬೇಕು, ಹಳೆ ರಟ್ಟಿನಲ್ಲೇ ಬೇಕು ಎಂದು ಹೇಳಿ ಹೋಗಿದ್ದಳು. ನೆಂಟರಿಗೆ ಹಂಚುವ ಬಿಳಿ ಕಡುಬಿನ ಡಬ್ಬಿಗಳಿಗೆಲ್ಲ ಚೀಟಿ ಕಟ್ಟಿ ನಸುಕಿನಲ್ಲೇ ಕಳಿಸಿಯೂ ಆಗಿತ್ತು. ಅಷ್ಟರಲ್ಲಿ ಅಂಗಡಿಯ ಬಾಗಿಲು ದಡಾರನೆ ತೆರೆಯಿತು. ಹಬ್ಬದ ರೇಷ್ಮೆ ಉಡುಪಿನಲ್ಲಿದ್ದ ಮಗುವಿನ ಅಜ್ಜಿ. ಹಿಂದೆ ಡಬ್ಬಿಗಳ ರಾಶಿ ಹೊತ್ತ ಸೊಸೆ.

"ಓದಿ ಇದನ್ನ," ಎಂದು ಅಜ್ಜಿ ಒಂದು ಚೀಟಿಯನ್ನು ಗಲ್ಲಾದ ಮೇಲೆ ಕುಕ್ಕಿದರು. ಅದು ಕಪ್ಪೆಚಿಪ್ಪಿನಂತೆ ಎರಡು ಹೋಳಾಗಿ ಬಾಯಿ ಬಿಟ್ಟಿತ್ತು. "ಜೋರಾಗಿ ಓದಿ!"

ಗಿಲ್ಲಿಮ್ ಕನ್ನಡಕ ಏರಿಸಿ ಓದಿದರು. "ಮೂಲವ್ಯಾಧಿಗೆ ಶೀಘ್ರ ಪರಿಹಾರ. ಮಲವಿಸರ್ಜನೆಯ ನಂತರ ದಿನಕ್ಕೆ ಎರಡು ಬಾರಿ..." ಮುಂದಿನದನ್ನು ನುಂಗಿಕೊಂಡರು.

"ನನ್ನ ಮೊಮ್ಮಗನ ಮೊದಲ ಹಬ್ಬಕ್ಕೆ ಮೂಲವ್ಯಾಧಿ! ನಮ್ಮ ಬೀಗರಿಗೆ ಏನಂತ ಕೊಡ್ಲಿ ಇದನ್ನ? ಕಡುಬು ತಿಂದು ಔಷಧ ಹಚ್ಕೊಳ್ಳಿ ಅಂತಲಾ?"

"ಅತ್ತೆ, ನಾನೇ ಹೇಳಿದ್ದು ಹಳೇ ರಟ್ಟು ಅಂತ..."

"ನೀನು ಸುಮ್ನಿರು!"

ಗದ್ದಲ ಕೇಳಿ ಎದುರುಮನೆಯಿಂದ ಮಾಲ್ಸುನ್ ಬಂದರು. ಚೀಟಿಯ ಹೋಳುಗಳನ್ನು ಮುಟ್ಟಿ ನೋಡಿದರು. ಒದ್ದೆ. ತಿರುಗಿದ್ದು ಅಜ್ಜಿಯ ಕಡೆಗಲ್ಲ, ಗಿಲ್ಲಿಮ್ ಕಡೆಗೆ.

"ಬಿಸಿಬಿಸಿ ಕಡುಬು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ್ಯಾ?"

"ಅವ್ರಿಗೆ ಅರ್ಜೆಂಟಿತ್ತು ಕಣೇ."

"ಹಬೆಗೆ ಅಂಟು ಬಿಡುತ್ತೆ, ಆರಿದ ಮೇಲೆ ಚೀಟಿ ಕಟ್ಟು ಅಂತ ಎಷ್ಟು ಸಲ ಬಡ್ಕೊಂಡಿದೀನಿ ನಿಂಗೆ?"

"ಹಬೆಗೆ ಬಿಡೋದಾದ್ರೆ ಅದೆಂಥ ಅಂಟು? ಕಡುಬಿನಂಗಡೀಲಿ ಹಬೆ ಇಲ್ದೆ ಹಿಮ ಇರುತ್ತಾ? ನಾಳೆಯಿಂದ ನಿನ್ನ ಚೀಟಿನೇ ಬೇಡ. ಅಚ್ಚಾದ ಚೀಟಿ ತರಿಸ್ಕೋತೀನಿ, ತಲೆನೋವಾದ್ರೂ ತಪ್ಪುತ್ತೆ."

ಇಬ್ಬರ ಸ್ನೇಹ ಇಪ್ಪತ್ತು ವರ್ಷ ಹಳೆಯದು. ಆ ಮಾತಿಗೆ ಮಾಲ್ಸುನ್ ಅವರ ಮುಖ ಬಿಳಿಚಿತು. ಈ ಅಂಗಡಿ ಬಿಟ್ಟರೆ ಅವರಿಗೆ ದಿನವೂ ಕೆಲಸ ಕೊಡುವವರು ಬೇರೆ ಯಾರೂ ಇಲ್ಲ. ಅವರು ತಿರುಗಿ ಹೊರಟುಹೋದರು. ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಅವರು ಮನೆಯಿಂದ ಪುಸ್ತಕ ಹೊಲಿಯುವ ದಬ್ಬಣ, ಸೂಜಿಗಳು, ಕೆಂಪು ದಾರದ ಉಂಡೆ ತಂದು ಮೇಜಿನ ಮೇಲೆ ಸುರಿದರು.

"ಹಬ್ಬ ಎಷ್ಟು ಹೊತ್ತಿಗೆ?"

"ಹನ್ನೊಂದಕ್ಕೆ," ಅಂದಳು ಹಾನ್‌ಬ್ಯೊಲ್.

"ಹಾಗಾದ್ರೆ ಕೂತ್ಕೊಳ್ಳಿ ಎಲ್ರೂ. ಅಮ್ಮಾವ್ರೇ, ನೀವೂನೂ. ನಿಂತು ಕಿರುಚೋ ಬದಲು ಸೂಜಿಗೆ ದಾರ ಪೋಣಿಸಿ. ಕಣ್ಣು ಕಾಣುತ್ತೆ ತಾನೇ?"

"ನನ್ನ ಕಣ್ಣು ನಿಮ್ಮ ಕಣ್ಣಿಗಿಂತ ಚೆನ್ನಾಗಿದೆ!"

"ಅದನ್ನ ತೋರಿಸಿ ಮತ್ತೆ."

ಗ್ವಾಕ್ ಅಜ್ಜಿ ರೇಷ್ಮೆಯ ತೋಳು ಮಡಚಿ ಕೂತರು. ಬಹುಶಃ ಎದ್ದು ಹೋಗುವುದಕ್ಕಿಂತ ತಮ್ಮ ಕಣ್ಣಿನ ಮರ್ಯಾದೆ ಉಳಿಸಿಕೊಳ್ಳುವುದೇ ಮುಖ್ಯವಾಯಿತು. ಮಾಲ್ಸುನ್ ಚೀಟಿಯ ನಾಲ್ಕೂ ಮೂಲೆಗೆ ದಬ್ಬಣದಲ್ಲಿ ತೂತು ಕೊರೆದರು. ಸೊಸೆ ಹೊಲಿದಳು, ಗಿಲ್ಲಿಮ್ ಗಂಟು ಹಾಕಿದರು. ನನ್ನ ಕೈಗೂ ಒಂದು ಸೂಜಿ ಬಂತು. ಅಜ್ಜಿ ದಾರ ಪೋಣಿಸುತ್ತಲೇ ಎಲ್ಲರ ಹೊಲಿಗೆಯನ್ನೂ ತಪಾಸಣೆ ಮಾಡಿದರು. "ಇದು ಸೊಟ್ಟ. ಬಿಚ್ಚಿ." ನನ್ನದನ್ನು ಮೂರು ಸಲ ಬಿಚ್ಚಿಸಿದರು. ಮಾಲ್ಸುನ್ ಮತ್ತು ಗಿಲ್ಲಿಮ್ ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. "ಕತ್ತರಿ ಕೊಡೋಕೆ ಹೇಳಿ ಅವಳಿಗೆ," ಎಂದು ನನ್ನ ಮೂಲಕವೇ ವ್ಯವಹಾರ.

ಹೊತ್ತಿಗೆ ಸರಿಯಾಗಿ ಡಬ್ಬಿಗಳು ಹೋದವು. ಹಬ್ಬದ ಮನೆಯಲ್ಲಿ ಆದದ್ದನ್ನು ಹಾನ್‌ಬ್ಯೊಲ್ ಆಮೇಲೆ ಹೇಳಿದಳು. ಹೊಲಿಗೆ ತಪ್ಪಿಸಿಕೊಂಡ ಒಂದೇ ಒಂದು ಚೀಟಿ ಮಗುವಿನ ದೊಡ್ಡಜ್ಜನ ಕೈಗೆ ಸಿಕ್ಕಿತಂತೆ. ಅವರು ಅದನ್ನು ಬಿಡಿಸಿ, ಕಣ್ಣಿನ ಹತ್ತಿರ ಹಿಡಿದು ಓದಿ, ಕಿವಿ ಮಂದ ಇರುವವರ ದೊಡ್ಡ ದನಿಯಲ್ಲಿ, "ಈ ಔಷಧ ಎಲ್ಲಿ ಸಿಗುತ್ತೆ?" ಎಂದು ಕೇಳಿದರಂತೆ. ಮೊದಲು ನಕ್ಕವರು ಬೀಗರು. ಅವರು ನಕ್ಕದ್ದನ್ನು ನೋಡಿ ಕೊನೆಗೆ ಗ್ವಾಕ್ ಅಜ್ಜಿಯೂ ತುಟಿ ಕಚ್ಚಿಕೊಂಡೇ ನಕ್ಕರಂತೆ.

ಗೆಳತಿಯರ ಮೌನ ನಾಲ್ಕಾರು ದಿನ ನಡೆಯಿತು. ಆಮೇಲೊಂದು ಬೆಳಿಗ್ಗೆ ಗಿಲ್ಲಿಮ್ ಒಂದು ತಟ್ಟೆ ಕಡುಬನ್ನು ಮಾಲ್ಸುನ್ ಬಾಗಿಲಲ್ಲಿಟ್ಟು ಹೋದರು. ಚೆನ್ನಾಗಿ ಆರಿದ ಕಡುಬು. ಮಾಲ್ಸುನ್ ಪೂರ್ತಿ ತಿಂದು, ಖಾಲಿ ತಟ್ಟೆ ಹಿಡಿದು ಓಣಿ ದಾಟಿ, "ಉಪ್ಪು ಕಮ್ಮಿ," ಅಂದರು. ಅಲ್ಲಿಗೆ ರಾಜಿ.

ರೇಗುವುದಕ್ಕೆ ಹೊಸ ಕಾರಣವೂ ಸಿಕ್ಕಿದೆ. ಆ ಹಬ್ಬಕ್ಕೆ ಬಂದವರಿಗೆಲ್ಲ ಕೆಂಪು ಹೊಲಿಗೆಯ ಚೀಟಿ ಬಹಳ ಹಿಡಿಸಿತು. ಈಗ ಯಾರು ಬಂದರೂ ಹೊಲಿದದ್ದೇ ಬೇಕು.

"ಆ ಹೊಲಿಗೆ ಅವಮಾನ ಮುಚ್ಚೋಕೆ ಹಾಕಿದ್ದು ಕಣ್ರೀ! ಅದನ್ನ ಕಲೆ ಅಂತಾರೆ. ಮೊದ್ಲು ಒತ್ತಿ, ತೂತು ಹಾಕಿ, ದಾರ ಕಟ್ಟಿದ್ರೆ ಮುಗೀತಿತ್ತು. ಈಗ ನಾಲ್ಕು ಮೂಲೆ ಹೊಲೀಬೇಕು. ನನ್ನ ಕೆಲಸ ನಾನೇ ಹೆಚ್ಚಿಸ್ಕೊಂಡೆ. ಎಲ್ಲಾ ಗಿಲ್ಲಿಮಳ ಹಬೆಯಿಂದ."

ಚಳಿಗಾಲದ ಕೊನೆಗೆ ಗ್ವಾಕ್ ಅಜ್ಜಿ ಮತ್ತೆ ಬಂದರು. ತಮ್ಮ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಚೀಟಿ ಬೇಕಂತೆ. ಹಿಂದಿನ ರಗಳೆಗೆ ಕ್ಷಮೆಯೂ ಇಲ್ಲ, ಥ್ಯಾಂಕ್ಸೂ ಇಲ್ಲ. ಔಷಧದ ಡಬ್ಬಿ ಕೂಡದು, ಸೇಬಿನ ಪೆಟ್ಟಿಗೆ ಮಾತ್ರ. ಹೊಲಿಗೆ ನೆಟ್ಟಗಿರಬೇಕು. ಇನ್ನೊಂದು, ಮೂಲೆಯಲ್ಲಿ ಮಾಡಿದವರ ಹೆಸರಿರಬೇಕು. "ಇಲ್ದಿದ್ರೆ ಸಿಯೋಲ್‌ನಿಂದ ಎಲ್ಲೋ ತರಿಸಿದ್ದು ಅಂದ್ಕೊಳ್ತಾರೆ ಜನ. ನಮ್ಮೂರಿನವರು ಮಾಡಿದ್ದು ಅಂತ ಗೊತ್ತಾಗ್ಲಿ."

ಅದೇ ಈಗಿನ ತಲೆಬಿಸಿ. ತೊಟ್ಟಿಯ ಕೆಲಸ ಮುಗಿಸಿ ನಾವು ಅವರ ಕೋಣೆಯಲ್ಲಿ ಬಾರ್ಲಿ ಚಹಾ ಕುಡಿಯುತ್ತಿದ್ದೇವೆ. ಬಿಸ್ಕತ್ತಿನ ಡಬ್ಬಿಯ ತುಂಬ ಮುದ್ರೆಗಳು. ಹಣ್ಣು, ಹಕ್ಕಿ, ಹುಳ, ಹೂವು. ಹೆಸರು ಎಲ್ಲಿಯೂ ಇಲ್ಲ.

"ಹಾಕೋಕೆ ಅದೇನ್ ದೊಡ್ಡ ಹೆಸರಾ? ನಾನು ಐದನೇ ಹೆಣ್ಣು. ಇದೇ ಕೊನೇದಾಗ್ಲಿ, ಇನ್ನು ಹೆಣ್ಣು ಬೇಡ ಅಂತ ಇಟ್ಟ ಹೆಸರು ಮಾಲ್ಸುನ್. ನಂಗೆ ಮೊದಲ ವರ್ಷದ ಹಬ್ಬಾನೂ ಮಾಡ್ಲಿಲ್ಲ, ಕಡುಬೂ ಹಂಚ್ಲಿಲ್ಲ. ಆ ಹೆಸರನ್ನ ಬೇರೆಯವರ ಹಬ್ಬದ ಡಬ್ಬಿಗೆ ಕಟ್ಟೋದಾ?"

ನಮ್ಮ ಕಡೆಯೂ ಇಂಥ ಹೆಸರಿದೆ, ಹೆಣ್ಣು ಸಾಕು ಎನಿಸಿದಾಗ ಸಾಕಮ್ಮ ಎಂದು ಇಡುತ್ತಾರೆ ಎಂದು ನಾನು ಹೇಳುತ್ತೇನೆ.

"ಸಾ-ಕಮ್-ಮಾ," ಎಂದು ಅವರು ಬಾಯಲ್ಲಿ ಹೊರಳಿಸಿ ನೋಡುತ್ತಾರೆ. "ಅಲ್ಲೂ ಇದೀನಾ ನಾನು! ಅವಳು ಏನ್ ಕೆಲಸ ಮಾಡ್ತಾಳೆ?"

ಏನೇನೋ ಮಾಡುತ್ತಾರೆ, ಬಹಳ ಜನ ಇದ್ದಾರೆ ಎನ್ನುತ್ತೇನೆ.

"ಬಹಳ ಜನ ಇರ್ಲೇಬೇಕಲ್ಲ," ಎಂದು ಗೊಣಗಿ ಅವರು ಅಟ್ಟೆಯ ತುಂಡೊಂದನ್ನು ಮೊಣಕಾಲ ಮೇಲಿಟ್ಟುಕೊಳ್ಳುತ್ತಾರೆ. ಅಕ್ಷರಗಳನ್ನು ಹಿಂದುಮುಂದಾಗಿ ಕೆತ್ತಬೇಕು. ಹಣ್ಣು ಕೆತ್ತುವಾಗ ಸರಸರನೆ ಓಡುವ ಚಾಕು ಇಲ್ಲಿ ತಡವರಿಸುತ್ತದೆ. ಮೊದಲ ತುಂಡು ಕೆಡುತ್ತದೆ. ಎರಡನೆಯದೂ ಕೆಡುತ್ತದೆ. ಚಾಕುವಿಗೂ ಬೈಗುಳ, ಗ್ವಾಕ್ ಅಜ್ಜಿಗೂ ಬೈಗುಳ, ಪಕ್ಕದಲ್ಲಿ ಉಸಿರಾಡುತ್ತಿರುವುದಕ್ಕೆ ನನಗೂ ಬೈಗುಳ.

ಮೂರನೆಯದನ್ನು ಕೆಂಪು ಮಸಿಗೆ ಅದ್ದಿ, ಸೇಬಿನ ಪೆಟ್ಟಿಗೆಯ ತುಂಡಿನ ಮೇಲೆ ಒತ್ತಿ ಎತ್ತುತ್ತಾರೆ. ತಾಕ್ ಮಾಲ್ಸುನ್. ಮೂಲೆಯಲ್ಲಿ ಅಡಗಬೇಕಿದ್ದ ಹೆಸರು ಸೇಬಿನಷ್ಟೇ ಅಗಲವಾಗಿ ಕೂತಿದೆ. ಕಿಟಕಿಯ ಬೆಳಕಿಗೆ ಹಿಡಿದು ಅವರು ಬಹಳ ಹೊತ್ತು ನೋಡುತ್ತಾರೆ. ಅಂಚು ಹೆರೆದು ಚಿಕ್ಕದು ಮಾಡುತ್ತಾರೆ ಎಂದುಕೊಳ್ಳುತ್ತೇನೆ. ಅವರು ಚಾಕು ಮಡಚಿ ಜೇಬಿಗಿಡುತ್ತಾರೆ.

"ಸ್ವಲ್ಪ ದೊಡ್ಡದಾಯ್ತು. ಇರಲಿ ಬಿಡಿ. ಇಷ್ಟು ದಿನ ಇರ್ಲೇ ಇಲ್ವಲ್ಲ."