ಮಂಡಕ್ಕಿ ಹುಲ್ಲು ಮುಟ್ಟಲಿಲ್ಲ

ಪ್ರಾಣಿಗಳೆಂದರೆ ನನಗೆ ಅಷ್ಟಕ್ಕಷ್ಟೇ ಎಂದು ಎಲ್ಲರ ಮುಂದೆ ಹೇಳಿಕೊಂಡು ಮರ್ಯಾದೆಯಿಂದ ಅರ್ಧ ಆಯುಷ್ಯ ಕಳೆದವನು ನಾನು. ಅಂಥವನು ಈಗ ಬೆಳಿಗ್ಗೆ ಎದ್ದು, ಕಾಫಿಗೂ ಮುಂಚೆ, ಕನ್ನಡಕ ಹಾಕಿಕೊಂಡು ಒಂದು ಮೊಲದ ಹಿಕ್ಕೆ ಪರೀಕ್ಷೆ ಮಾಡುತ್ತೇನೆ. ದುಂಡಗೆ, ಒಣಗಿ, ಒಂದೇ ಅಳತೆಯಲ್ಲಿದ್ದರೆ ದಿನ ಚೆನ್ನಾಗಿರುತ್ತದೆ. ಬೇರೆಯವರು ರಾಶಿಭವಿಷ್ಯ ನೋಡುತ್ತಾರೆ, ನಾನು ಇದನ್ನು ನೋಡುತ್ತೇನೆ. ಎರಡರಲ್ಲಿ ಯಾವುದು ಹೆಚ್ಚು ನಂಬಿಕೆಗೆ ಯೋಗ್ಯ ಎಂದು ಕೇಳಿದರೆ ನನ್ನ ಉತ್ತರ ಸಿದ್ಧವಾಗಿದೆ.

ಮೊಲ ನಮ್ಮದಲ್ಲ, ನಸ್ರೀನಳದು. ನಸ್ರೀನ್ ದಾವಣಗೆರೆಯ ಹುಡುಗಿ. ಡಾಲಸ್ ಹತ್ತಿರ ಎಂ.ಎಸ್. ಓದುವಾಗ ಮರ್ಫಿಯಲ್ಲಿರುವ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಇದ್ದಳು. ಓದಿನ ಕೊನೆಯಲ್ಲಿ ಯಾರೋ ಬೇಡವೆಂದು ಬಿಟ್ಟ ಬಿಳಿ ಮೊಲದ ಮರಿಯೊಂದನ್ನು ತಂದಳು. ಅದು ಅವಳ ಅಂಗೈಯಲ್ಲಿ ಹಗುರವಾಗಿ ಕೂತಿದ್ದನ್ನು ನೋಡಿದ ಮೇಲೆ ದಾವಣಗೆರೆಯವರು ಇಡಬಹುದಾದ ಹೆಸರು ಒಂದೇ: ಮಂಡಕ್ಕಿ. ಆಮೇಲೆ ಅವಳಿಗೆ ಆಸ್ಟಿನ್ನಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಹಿಡಿದ ಅಪಾರ್ಟ್‌ಮೆಂಟಿನಲ್ಲಿ ಪ್ರಾಣಿಗಳಿಗೆ ಪ್ರವೇಶವಿರಲಿಲ್ಲ.

"ಬ್ಯಾರೆ ಮನಿ ಸಿಗೋ ತನಕ ಇಟ್ಕೊಳ್ರಿ ಅಂಕಲ್. ಭಾಳ ಸಾಧು ಐತಿ," ಎಂದಳು.

ನಾನು ಬಾಯಿ ತೆರೆಯುವುದರೊಳಗೆ ನನ್ನ ಹೆಂಡತಿ ವತ್ಸಲಾ ಒಪ್ಪಿಗೆ ಕೊಟ್ಟಾಗಿತ್ತು. ಉದಾರತೆ ವತ್ಸಲಾಳದು, ದುಡಿಮೆ ನನ್ನದು. ಏಕೆಂದರೆ ಅವಳ ಆಫೀಸು ಇರುವುದು ಹ್ಯೂಸ್ಟನ್ನಿನಲ್ಲಿ. ವಾರವಿಡೀ ಅಲ್ಲೇ ಹತ್ತಿರದ ಸ್ಟಾಫರ್ಡಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದು ಶುಕ್ರವಾರ ಸಂಜೆ ಡ್ರೈವ್ ಮಾಡಿಕೊಂಡು ಮನೆಗೆ ಬರುತ್ತಾಳೆ. ಉಳಿದ ದಿನಗಳಲ್ಲಿ ಮನೆಯಲ್ಲಿ ಇರುವ ಗಂಡಸರು ಇಬ್ಬರೇ, ನಾನು ಮತ್ತು ಮಂಡಕ್ಕಿ.

ಕೆಲವು ತಿಂಗಳು ಮಂಡಕ್ಕಿ ನಿಜವಾಗಿಯೂ ಸಾಧುವಾಗಿದ್ದ. ಆಮೇಲೆ ಪ್ರಾಯಕ್ಕೆ ಬಂದ. ಒಂದು ಬೆಳಿಗ್ಗೆ ನಾನು ಚಹಾ ಹಿಡಿದು ನಿಂತಿದ್ದಾಗ ನನ್ನ ಕಾಲುಗಳ ಸುತ್ತ ಗಿರಗಿರನೆ ಪ್ರದಕ್ಷಿಣೆ ಹಾಕಲು ಶುರುಮಾಡಿದ. ಗಂಟಲಲ್ಲಿ ಗುಂಯ್‌ಗುಂಯ್ ಎಂದು ಏನೋ ಹಾಡು ಬೇರೆ. ನನ್ನ ಮೇಲೆ ಭಕ್ತಿ ಹುಟ್ಟಿದೆ ಎಂದುಕೊಂಡು ವಿಡಿಯೋ ತೆಗೆದು ನಸ್ರೀನಳಿಗೆ ಕಳಿಸಿದೆ. ಅವಳು ಫೋನ್ ಮಾಡಿ, ಬಹಳ ಹೊತ್ತು ಸಂಕೋಚಪಟ್ಟು, ಕೊನೆಗೆ "ಅದು ಭಕ್ತಿ ಅಲ್ರಿ ಅಂಕಲ್," ಎಂದಳು. ನನ್ನ ಉಣ್ಣೆಯ ಕಾಲುಚೀಲದ ಮೇಲೆ ಅವನಿಗೆ ಮನಸ್ಸಾಗಿತ್ತು. ಮದುವೆಯಾಗಿ ಇಷ್ಟು ವರ್ಷದ ಮೇಲೆ ನನ್ನನ್ನು ಸುತ್ತಿಕೊಂಡು ಯಾರಾದರೂ ಹಾಡಿದ್ದು ಅದೇ ಮೊದಲಾದ್ದರಿಂದ ನಾನು ತೀರಾ ಬೇಜಾರು ಮಾಡಿಕೊಳ್ಳಲಿಲ್ಲ. ಆದರೆ ಅವನು ಸೋಫಾ, ಪರದೆ, ವತ್ಸಲಾಳ ಲ್ಯಾಪ್‌ಟಾಪ್ ಚೀಲ ಎಲ್ಲದರ ಮೇಲೂ ಮೂತ್ರ ಚಿಮ್ಮಿಸಿ ಮನೆಯನ್ನು ತನ್ನ ಹೆಸರಿಗೆ ಮಾಡಿಕೊಳ್ಳತೊಡಗಿದಾಗ ಪಶುವೈದ್ಯೆಯ ಬಳಿ ಹೋಗಲೇಬೇಕಾಯಿತು. ಆಕೆ ಅವನನ್ನು ಎತ್ತಿ ನೋಡಿ, "ಫಿಕ್ಸ್ ಮಾಡಿಸಿಬಿಡಿ," ಎಂದರು.

ಫಿಕ್ಸ್ ಎಂಬ ಮಾತು ನನಗೆ ವಿಚಿತ್ರವೆನಿಸಿತು. ಸೋರುವ ನಲ್ಲಿಯನ್ನೂ ಇಲ್ಲಿ ಫಿಕ್ಸ್ ಮಾಡಿಸುತ್ತಾರೆ, ಅಲುಗಾಡುವ ಬೇಲಿಯನ್ನೂ ಫಿಕ್ಸ್ ಮಾಡಿಸುತ್ತಾರೆ. ಮಂಡಕ್ಕಿಯಲ್ಲಿ ಕೆಟ್ಟುಹೋದದ್ದೇನೂ ಇರಲಿಲ್ಲ. ಎಲ್ಲವೂ ಬೇಕಾದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದದ್ದೇ ತೊಂದರೆ. ನಮ್ಮ ಕಡೆ ಹೋರಿಗಳ ವಿಷಯದಲ್ಲಿ 'ಬೀಜ ಒಡೆಸುವುದು' ಎನ್ನುತ್ತಾರೆ. ಆ ಮಾತಿನಲ್ಲಿ ಮುಚ್ಚುಮರೆ ಇಲ್ಲ, ಕೇಳಿದ ಗಂಡಸು ಕೂತಲ್ಲೇ ಕಾಲು ಜೋಡಿಸಿಕೊಳ್ಳುತ್ತಾನೆ. ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ನಮ್ಮ ಆಫೀಸಿನಲ್ಲಿ ಪಕ್ಕದ ಸೀಟಿನ ಮೈಸೂರಿನ ಗೆಳೆಯನಿಗೆ ವಿಷಯ ಹೇಳಿದೆ. ಅವನು ಕಾಲು ಜೋಡಿಸಿಕೊಂಡು, "ನೀನೇ ಕರ್ಕೊಂಡು ಹೋಗ್ತೀಯಾ? ಗಂಡಸಾಗಿ?" ಎಂದ.

ಗುರುವಾರ ಬೆಳಿಗ್ಗೆ ಕರೆದುಕೊಂಡು ಹೋದೆ. ಆಪರೇಷನ್ ಎಂದರೆ ಖಾಲಿ ಹೊಟ್ಟೆ ಎಂದು ನಂಬಿದ್ದ ನನಗೆ, ಮೊಲಕ್ಕೆ ಉಪವಾಸ ಕೂಡದು, ಹುಲ್ಲು ಕಟ್ಟಿಕೊಂಡು ಬನ್ನಿ ಎಂದು ಅಲ್ಲಿಯವರು ಮೊದಲೇ ಹೇಳಿದ್ದರು. ಹಾಗಾಗಿ ಒಂದು ಕೈಯಲ್ಲಿ ಮೊಲದ ಬುಟ್ಟಿ, ಇನ್ನೊಂದರಲ್ಲಿ ಅವನ ಬುತ್ತಿ ಹಿಡಿದು, ಮಗುವನ್ನು ಮೊದಲ ದಿನ ಶಾಲೆಗೆ ಬಿಡಲು ಬಂದ ತಂದೆಯ ಹಾಗೆ ನಾಯಿಗಳ ನಡುವೆ ಕೂತಿದ್ದೆ. "ಮ್ಯಾಂಡಾಕೀ?" ಎಂದು ಒಳಗಿನಿಂದ ಕರೆದರು. ಎರಡು ಸಲ ಕರೆದ ಮೇಲೆ ಅದು ನಮ್ಮವನೇ ಎಂದು ಹೊಳೆಯಿತು. ಬುಟ್ಟಿ ಕೊಡುವಾಗ ಅವನು ಜಾಲರಿಯ ಸಂದಿನಿಂದ ನನ್ನ ಬೆರಳನ್ನು ಮೂಸಿದ. ಆ ನಂಬಿಕೆ ನನಗೆ ಹಿಡಿಸಲಿಲ್ಲ.

ಸಂಜೆ ವಾಪಸ್ಸು ಕೊಡುವಾಗ ವೈದ್ಯೆ ಹೇಳಿದ್ದರಲ್ಲಿ ಇಷ್ಟು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಗಾಯ ಚಿಕ್ಕದು, ಅದು ಮಾಯುತ್ತದೆ. ಆದರೆ ಮೊಲದ ಕರುಳು ಸದಾ ನಡೆಯುತ್ತಿರಬೇಕು. ನೋವಿಗೋ ಹೆದರಿಕೆಗೋ ಅದು ತಿನ್ನುವುದನ್ನು ಬಿಟ್ಟರೆ ಕರುಳು ನಿಲ್ಲುತ್ತದೆ, ಕರುಳು ನಿಂತರೆ ಮೊಲ ಉಳಿಯುವುದು ಕಷ್ಟ. ತಾನಾಗಿ ತಿನ್ನದಿದ್ದರೆ ಈ ಹಸಿರು ಪುಡಿಯನ್ನು ನೀರಲ್ಲಿ ಕಲಸಿ ಸಿರಿಂಜಿನಲ್ಲಿ ಬಾಯಿಗೆ ಹಾಕಿ. ನಾಳೆ ಸಂಜೆಯವರೆಗೂ ಹುಲ್ಲು ಮುಟ್ಟದಿದ್ದರೆ, ಹಿಕ್ಕೆ ಹಾಕದಿದ್ದರೆ, ಮತ್ತೆ ಕರೆದುಕೊಂಡು ಬನ್ನಿ.

ಮನೆಗೆ ಬಂದ ಮಂಡಕ್ಕಿ ಊಟದ ಮೇಜಿನ ಪಕ್ಕದ ತನ್ನ ತಂತಿಯ ಕಟಕಟೆಯ ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತ. ಗಾಯಕ್ಕೆ ಧೂಳು ಹತ್ತಬಾರದೆಂದು ಹಳೆಯ ಟವಲ್ಲುಗಳನ್ನು ಹಾಸಿದ್ದೆ. ಹುಲ್ಲು, ಕೊತ್ತಂಬರಿ, ಅವನಿಗೆ ಪ್ರಾಣವಾದ ಬಾಳೆಹಣ್ಣಿನ ಚೂರು, ಎಲ್ಲವನ್ನೂ ಮುಂದಿಟ್ಟೆ. ಅವನು ಒಂದನ್ನೂ ಮೂಸಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಕೊತ್ತಂಬರಿ ಬಾಡಿ, ಬಾಳೆಹಣ್ಣು ಕಪ್ಪಾಗಿ, ಟವಲ್ಲು ಸ್ವಚ್ಛವಾಗಿ ಇತ್ತು. ಸ್ವಚ್ಛವಾದ ಟವಲ್ಲು ನೋಡಿ ಅಷ್ಟು ಹೆದರಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಆಫೀಸಿಗೆ ರಜೆ ಹೇಳಿದೆ. ನೋವಿನ ಔಷಧಿ ಸಿಹಿಯಾಗಿದ್ದರಿಂದ ಅದನ್ನು ನೆಕ್ಕಿಕೊಂಡ. ಹಸಿರು ಗಂಜಿಯ ಸಿರಿಂಜು ಕಂಡದ್ದೇ ಯುದ್ಧ. ವತ್ಸಲಾ ವಿಡಿಯೋ ಕಾಲಿನಲ್ಲಿ ಬಂದು ಹ್ಯೂಸ್ಟನ್ನಿನಿಂದಲೇ ಮುಂದಾಳತ್ವ ವಹಿಸಿದಳು.

"ರೀ, ಟವಲ್ಲಲ್ಲಿ ಸುತ್ತಿ. ಮಗೂನ ಸುತ್ತೋ ಹಾಗೆ. ಕಾಲು ಒಳಗಿರ್ಲಿ."

'ನಾನು ಹಿಡಿದ ಮೊಲಕ್ಕೆ ಮೂರೇ ಕಾಲು' ಎಂಬ ಗಾದೆಯನ್ನು ಹಠಮಾರಿಗಳ ಬಗ್ಗೆ ಹೇಳುತ್ತೇವೆ. ಆ ಗಾದೆ ಕಟ್ಟಿದವನು ಹಠಮಾರಿಯಲ್ಲ, ಮೊಲವನ್ನು ಟವಲ್ಲಿನಲ್ಲಿ ಸುತ್ತಲು ಹೋದವನು ಎಂದು ಆ ದಿನ ನನಗೆ ಖಾತ್ರಿಯಾಯಿತು. ಮೂರು ಕಾಲು ಕೈಗೆ ಸಿಗುತ್ತವೆ. ನಾಲ್ಕನೆಯದು ನಮ್ಮ ಹೊಟ್ಟೆಗೆ ಒದ್ದ ಮೇಲೆಯೇ ಅದೂ ಒಂದಿತ್ತೆಂದು ಗೊತ್ತಾಗುವುದು. ಗಂಜಿಯಲ್ಲಿ ಅರ್ಧ ನನ್ನ ಅಂಗಿಗೆ, ಕಾಲು ಭಾಗ ಫೋನಿಗೆ, ಉಳಿದ ಚೂರು ಅವನ ಬಾಯಿಗೆ ಹೋಯಿತು. ಕೆಳಗಿಳಿಸಿದೊಡನೆ ಅವನು ಹಿಂಗಾಲನ್ನು ನನ್ನ ಕಡೆಗೆ ಝಾಡಿಸಿ ಮತ್ತೆ ಗೋಡೆಗೆ ಮುಖ ಮಾಡಿದ. ಮೊಲಗಳು ಹಾಗೆ ಕಾಲು ಕೊಡವಿ ಹೋದರೆ ಅವಮಾನವಾಗಿದೆ ಎಂದರ್ಥವಂತೆ. ಯಾರೂ ಹೇಳಿಕೊಡದಿದ್ದರೂ ತಿಳಿಯುವಂತಿತ್ತು.

ಮಧ್ಯಾಹ್ನ ವತ್ಸಲಾ ಮತ್ತೆ ಫೋನ್ ಮಾಡಿದಳು. ಹ್ಯೂಸ್ಟನ್ನಿನಲ್ಲಿ ಬೆಳಗಿನಿಂದ ಮಳೆ, ಫ್ರೀವೇ ಮೇಲೆ ನೀರು ನಿಂತಿದೆ, ಇವತ್ತು ಹೊರಡಬೇಡಿ ಎನ್ನುತ್ತಿದ್ದಾರೆ ಎಂದಳು.

"ನಾಳೆ ಬಾ. ನಾನಿದ್ದೀನಲ್ಲ," ಎಂದೆ.

"ನೀವಿದ್ದೀರಿ ಅಂತ್ಲೇ ಯೋಚನೆ," ಎಂದಳು. ಆಮೇಲೆ ಕೇಳಿದಳು: "ನಸ್ರೀನಳಿಗೆ ಹೇಳಿದ್ರಾ?"

ಹೇಳಿರಲಿಲ್ಲ. ನಂಬಿ ಬಿಟ್ಟುಹೋದವಳಿಗೆ ನಿನ್ನ ಮೊಲ ಅನ್ನ ಬಿಟ್ಟಿದೆ ಎಂದು ಹೇಗೆ ಹೇಳುವುದು? ಆದರೂ ಫೋನ್ ಮಾಡಿದೆ. ಅವಳು ಆಫೀಸಿನ ಮೀಟಿಂಗಿನಿಂದ ಎದ್ದು ಹೊರಗೆ ಬಂದು ಮಾತಾಡಿದಳು.

"ಹಲ್ಲು ಜೋರಾಗಿ ಕಡೀತೈತೇನ್ರಿ?"

"ಇಲ್ಲಮ್ಮ, ಸುಮ್ಮನೆ ಕೂತಿದೆ."

"ಹಂಗಾದ್ರ ನೋವು ಜಾಸ್ತಿ ಇರಾಂಗಿಲ್ಲ. ಹೆದರೇತಿ. ಅಂಕಲ್, ನೀವು ಅದರ ಮುಂದ ಕುಂತು ನೋಡ್ತಾ ಇದ್ದೀರೇನ್ರಿ?"

"ನೋಡದೆ ಇನ್ನೇನು ಮಾಡಲಿ? ಬೆಳಗಿನಿಂದ ಅದನ್ನೇ ಮಾಡ್ತಿದ್ದೀನಿ."

"ನೋಡಬ್ಯಾಡ್ರಿ. ಅಷ್ಟು ದೊಡ್ಡವರು ಕಣ್ಣು ಬಿಟ್ಕೊಂಡು ಮುಂದ ಕುಂತ್ರ ಯಾರು ಉಣ್ತಾರ್ರಿ? ನಾ ಮ್ಯಾಲಿನ ರೂಮಿನಾಗ ಇದ್ದಾಗ ನೆಲದ ಮ್ಯಾಲೆ ಕುಂತು ಉಣ್ತಿದ್ದೆ. ನಾ ತಿನ್ನೋದು ಕೇಳಿದ್ರ ಅದೂ ತಿಂತಿತ್ತು." ಆಮೇಲೆ, "ನೀವು ಊಟ ಮಾಡೀರೇನ್ರಿ?" ಎಂದು ಕೇಳಿದಳು.

ಮಾಡಿರಲಿಲ್ಲ. ನೆನಪೇ ಆಗಿರಲಿಲ್ಲ.

ಫ್ರಿಜ್ಜಿನಲ್ಲಿದ್ದ ಸಾರು ಬಿಸಿ ಮಾಡಿ, ಅನ್ನ ಕಲಸಿ, ಎರಡು ಹಪ್ಪಳ ಸುಟ್ಟುಕೊಂಡು ಬಂದೆ. ನನ್ನ ಮೊಣಕಾಲುಗಳು ನೆಲದ ಪರಿಚಯ ಮರೆತು ಬಹಳ ಕಾಲವಾಗಿತ್ತು. ಕುರ್ಚಿ ಹಿಡಿದು, ಹಂತಹಂತವಾಗಿ, ಹಳೆಯ ಕಟ್ಟಡ ಕೆಡವಿದಂತೆ ಕೂತೆ. ಮಂಡಕ್ಕಿಗೆ ಬೆನ್ನು ಹಾಕಿಕೊಂಡು ತಟ್ಟೆಯನ್ನು ಮಡಿಲಲ್ಲಿಟ್ಟು ತಿನ್ನಲು ಶುರುಮಾಡಿದೆ. ಹಪ್ಪಳ ಕಡಿದೆ. ಮನೆ ನಿಶ್ಶಬ್ದವಾಗಿತ್ತು. ಇನ್ನೊಂದು ತುಂಡು ಕಡಿದೆ. ಹಿಂದೆ ಟವಲ್ಲಿನ ಮೇಲೆ ಏನೋ ಸರಿದಂತಾಯಿತು. ತಿರುಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಬಂತು ಸದ್ದು, ಒಣಹುಲ್ಲಿನ ಒಂದೇ ಒಂದು ಎಸಳು ಮುರಿಯುವ ಸದ್ದು. ಸ್ವಲ್ಪ ಬಿಡುವು. ಮತ್ತೊಂದು ಎಸಳು. ನಾನು ಅನ್ನದ ತುತ್ತನ್ನು ಕೈಯಲ್ಲೇ ಹಿಡಿದು ಉಸಿರು ಬಿಗಿಹಿಡಿದೆ. ಸದ್ದು ನಿಂತಿತು. ಗಾಬರಿಯಾಗಿ ತುತ್ತನ್ನು ಬಾಯಿಗೆ ಹಾಕಿಕೊಂಡು ಹಪ್ಪಳ ಕಡಿದೆ. ಹಿಂದೆ ಮತ್ತೆ ಶುರುವಾಯಿತು. ಸಾರು ಆರಿ ತಣ್ಣಗಾಗಿತ್ತು, ಉಪ್ಪೂ ಕಡಿಮೆಯಿತ್ತು. ಅಷ್ಟು ರುಚಿಯಾದ ಊಟ ನಾನು ಟೆಕ್ಸಾಸಿನಲ್ಲಿ ಮಾಡಿಲ್ಲ.

ಹೊತ್ತು ಇಳಿಯುವುದರೊಳಗೆ ಟವಲ್ಲಿನ ಮೇಲೆ ಹಿಕ್ಕೆಗಳು ಬಿದ್ದವು. ಮೊದಲು ಸಣ್ಣವು, ಆಮೇಲೆ ದುಂಡಗಿನವು. ಆನಂದದಲ್ಲಿ ಹತ್ತಿರದಿಂದ ಫೋಟೋ ತೆಗೆದು, 'ಅಂತೂ ಬಂತು!' ಎಂದು ಬರೆದು ವತ್ಸಲಾಳಿಗೆ ಕಳಿಸಿದೆ. ಕಳಿಸಿದ್ದು ಅವಳಿಗಲ್ಲ, ಅವಳ ತವರಿನವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಎಂದು ತಿಳಿದದ್ದು ಬೆಂಗಳೂರಿನಲ್ಲಿ ಬೆಳಗಾದ ಮೇಲೆ. ವತ್ಸಲಾಳ ಚಿಕ್ಕಮ್ಮ ಬರೆದಿದ್ದರು: 'ಕಾಳುಮೆಣಸು ತುಂಬಾ ಚೆನ್ನಾಗಿದೆ. ಅಲ್ಲೂ ಇಷ್ಟು ದಪ್ಪ ಸಿಗುತ್ತಾ? ಬರುವಾಗ ಸ್ವಲ್ಪ ತನ್ನಿ.'

ಶನಿವಾರ ಮಳೆ ಬಿಟ್ಟಿತು, ವತ್ಸಲಾ ಬಂದಳು. ಚಪ್ಪಲಿ ಬಿಚ್ಚಿದವಳೇ ಸೀದಾ ಕಟಕಟೆಯ ಹತ್ತಿರ ಹೋಗಿ ನೆಲದ ಮೇಲೆ ಕೂತಳು. ಮಂಡಕ್ಕಿ ಬಂದು ಅವಳ ಕೈಯ ಕೆಳಗೆ ತಲೆ ತಗ್ಗಿಸಿದ. ಅವನನ್ನು ಕತ್ತರಿಗೆ ಒಪ್ಪಿಸಿದವನು, ಗಂಜಿ ಕುಡಿಸಿದವನು, ಹಪ್ಪಳ ಕಡಿದು ದವಡೆ ನೋಯಿಸಿಕೊಂಡವನು ನಾನು. ತಲೆ ಸವರಿಸಿಕೊಂಡದ್ದು ಅವಳಿಂದ. ನನ್ನನ್ನು ಕ್ಷಮಿಸಲು ಅವನಿಗೆ ಇನ್ನೂ ಕೆಲವು ದಿನ ಬೇಕಾಯಿತು. ಗಾಯ ಮಾಯ್ದು ಕೂದಲು ಬಂತು. ಪ್ರದಕ್ಷಿಣೆ, ಹಾಡು, ಮೂತ್ರದ ಮೊಹರು ಎಲ್ಲ ಒಂದೊಂದಾಗಿ ನಿಂತವು.

ಮೊನ್ನೆ ನಸ್ರೀನ್ ಫೋನ್ ಮಾಡಿ, ಪ್ರಾಣಿ ಇಟ್ಟುಕೊಳ್ಳಬಹುದಾದ ಮನೆ ಸಿಕ್ಕಿದೆ ಎಂದಳು. ನಾನು ಸಂತೋಷ ಎಂದೆ.

"ಅಂಕಲ್, ಬ್ಯಾರೆ ಊರಿಗೆ ಶಿಫ್ಟ್ ಮಾಡಿದ್ರ ಮತ್ತ ಊಟ ಬಿಡತೈತೇನೋ ಅಂತ ಹೆದರಿಕಿ ನನಗ. ನಿಮ್ಮ ಹತ್ರನೇ ಇರ್ಲೇನ್ರಿ? ನಾನೇ ಬಂದು ಹೋಗ್ತೀನಿ."

ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸಿದ್ದು ಏನೂ ಇಲ್ಲ. ಕೂಡಲೇ ಒಪ್ಪಿದರೆ ಪ್ರಾಣಿಗಳೆಂದರೆ ಅಷ್ಟಕ್ಕಷ್ಟೇ ಎನ್ನುವವನ ಮಾನ ಏನಾಗಬೇಕು?

ವತ್ಸಲಾ ಹ್ಯೂಸ್ಟನ್ನಿನಿಂದ ಪ್ರತಿ ಸಂಜೆ ಫೋನ್ ಮಾಡುತ್ತಾಳೆ. ಮೊದಲ ಮಾತು ಯಾವಾಗಲೂ "ಊಟ ಆಯ್ತಾ?" ನಮ್ಮಲ್ಲಿ ಅದು ನಮಸ್ಕಾರದ ಇನ್ನೊಂದು ರೂಪ, ತಿಂದರೂ ತಿನ್ನದಿದ್ದರೂ "ಆಯ್ತು" ಎನ್ನುವುದು ರೂಢಿ. ಎಷ್ಟೋ ವರ್ಷ ನಾನೂ ಹಾಗೇ ಅಂದಿದ್ದೇನೆ. ಒಂದು ಜೀವ ತಿನ್ನಲಿ ಎಂದು ಇನ್ನೊಂದು ಜೀವ ದಿನವಿಡೀ ಕಾದು ಕೂರುವುದು ಎಂದರೇನು ಎಂದು ಗೊತ್ತಾದ ಮೇಲೆ ಹಾಗೆ ಹಾರಿಸಿ ಹೇಳಲು ಮನಸ್ಸು ಬರುವುದಿಲ್ಲ. ನಿನ್ನೆ ಕೇಳಿದಾಗ ನಿಧಾನವಾಗಿ ಹೇಳತೊಡಗಿದೆ: "ಆಯ್ತು. ಚಪಾತಿ, ಬೀನ್ಸ್ ಪಲ್ಯ, ಸ್ವಲ್ಪ ಮೊಸರನ್ನ..."

"ನಿಮ್ದಲ್ಲ ರೀ, ಅವನದು ಕೇಳಿದ್ದು," ಎಂದಳು.

ಅವನದೂ ವಿವರವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಸಮಾಧಾನದ ಉಸಿರು ಬಿಟ್ಟು, "ಸರಿ, ಈಗ ನಿಮ್ದು ಹೇಳಿ," ಎಂದಳು. "ಬೀನ್ಸ್ ಪಲ್ಯಕ್ಕೆ ಕಾಯಿ ಹಾಕಿದ್ರಾ?"