ದಾನವ್ವನ ಬಸ್ಸಿಗೆ ಮಧ್ಯಾಹ್ನದ ಊಟ

ಬೆಳಗಿನ ಆರೂಕಾಲು. ಉಪ್ಪಿನಬೆಟಗೇರಿಯ ಪಂಚಾಯಿತಿ ಕಟ್ಟೆಯ ಮುಂದೆ ಹಳದಿ ಶಾಲಾ ಬಸ್ಸೊಂದು ಹತ್ತು ಅಡಿ ಹಿಂದೆ ಹೋಗುತ್ತದೆ. ಪೀಂ ಪೀಂ ಪೀಂ ಎಂದು ರಿವರ್ಸ್ ಸದ್ದು. ಹತ್ತು ಅಡಿ ಮುಂದೆ ಬರುತ್ತದೆ, ಮತ್ತೆ ಹಿಂದೆ ಹೋಗುತ್ತದೆ. ದಾರಿಗೆ ಯಾವ ಗಾಡಿಯೂ ಅಡ್ಡ ನಿಂತಿಲ್ಲ, ಬಸ್ಸು ತಿರುಗಿಸುವ ಕೆಲಸವೂ ಇಲ್ಲ. ಆದರೂ ಚಾಲಕ ಶಾಬುದ್ದೀನ ಮುಖದಲ್ಲಿ ನಗುವಿಲ್ಲದೆ ಈ ಕವಾಯತು ನಡೆಸಿದ್ದಾರೆ. ಚಳಿಯಲ್ಲಿ ನಡುಗುತ್ತ ಧಾರವಾಡದಿಂದ ಸ್ಕೂಟರಿನಲ್ಲಿ ಬಂದ ನನಗೆ ಇವರ ತಲೆ ನೆಟ್ಟಗಿದೆಯೇ ಎಂಬ ಅನುಮಾನ.

"ಸಾಕು ಬಿಡ್ರಿ ಶಾಬುದ್ದೀನಣ್ಣ, ಎದ್ದಾರ ಎಲ್ಲಾರೂ" ಎನ್ನುತ್ತಾರೆ ಬಾಗಿಲ ಬಳಿ ನಿಂತಿರುವ ಹೆಂಗಸು. ಇಳಕಲ್ ಸೀರೆಯ ಮೇಲೆ ಗಂಡಸರ ಸ್ವೆಟರ್, ಕೈಯಲ್ಲಿ ರಟ್ಟಿನ ಹೊದಿಕೆಯ ಉದ್ದನೆ ನೋಟ್‌ಬುಕ್. ಓಣಿಯ ಮನೆಗಳಲ್ಲಿ ದೀಪ ಹತ್ತುತ್ತವೆ. ಸ್ವಲ್ಪ ಹೊತ್ತಿಗೆಲ್ಲ ಚೀಲ, ನೀರಿನ ಬಾಟಲಿ, ಅರ್ಧ ತಿಂದ ರೊಟ್ಟಿಗಳ ಸಮೇತ ಮಕ್ಕಳು ಬರತೊಡಗುತ್ತಾರೆ. ಹೆಂಗಸು ಒಬ್ಬೊಬ್ಬರನ್ನೂ ಎಣಿಸುತ್ತಾರೆ. ಮೂವತ್ತೊಂದು. ಆಮೇಲೆ ಚಾಲಕನ ಮುಂದಿನ ಪರದೆ ನೋಡಿ ಬರೆದುಕೊಳ್ಳುತ್ತಾರೆ: ಬ್ಯಾಟರಿ ಶೇಕಡಾ ಐವತ್ತೊಂಬತ್ತು.

ಇವರು ದಾನವ್ವ ಮೊರಬದ. ವಯಸ್ಸು ಐವತ್ತೆರಡು. ಹುಬ್ಬಳ್ಳಿಯ ಗಬ್ಬೂರ ಬಳಿಯ ಶಾಲೆಯೊಂದರ ಇಪ್ಪತ್ತನಾಲ್ಕು ಬಸ್ಸುಗಳ ಮೇಲ್ವಿಚಾರಕಿ. ಡೀಸೆಲ್ ಬಸ್ಸುಗಳನ್ನೆಲ್ಲ ಒಂದೊಂದಾಗಿ ಬಿಟ್ಟು ಎಲೆಕ್ಟ್ರಿಕ್ ಬಸ್ಸಿಗೆ ಹೋಗಬೇಕೆಂದು ಶಾಲೆ ತೀರ್ಮಾನಿಸಿದೆ. ಯಾವ ಬಸ್ಸು ಯಾವಾಗ, ಯಾವ ಊರಿಗೆ, ಎಲ್ಲಿ ಚಾರ್ಜ್ ಆಗಿ ಹೋಗಬೇಕು ಎಂಬ ಐದು ವರ್ಷಗಳ ಪೂರ್ತಿ ಯೋಜನೆ ಆ ರಟ್ಟಿನ ನೋಟ್‌ಬುಕ್ಕಿನಲ್ಲಿದೆ. ಅದನ್ನು ಬರೆದವರು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ.

ಇಂದು ಈ ಎಲೆಕ್ಟ್ರಿಕ್ ಬಸ್ಸಿನ ಪರೀಕ್ಷೆಯ ನಲವತ್ತನೆಯ ದಿನ, ಅಂದರೆ ಕಡೆಯ ದಿನ. ಗಬ್ಬೂರ ಮುಟ್ಟಿದಾಗ ಬ್ಯಾಟರಿ ಇಪ್ಪತ್ತಕ್ಕಿಂತ ಕೆಳಗಿದ್ದರೆ ಉಪ್ಪಿನಬೆಟಗೇರಿಗೆ ಜೂನ್‌ನಿಂದ ಶಾಲೆಯ ಬಸ್ಸೇ ಇಲ್ಲ. ಮೂವತ್ತೊಂದು ಮಕ್ಕಳಲ್ಲಿ ಹತ್ತೊಂಬತ್ತು ಹುಡುಗಿಯರು. "ಬಸ್ ನಿಂತ್ರ ಹುಡುಗ್ರು ಬ್ಯಾರೆ ಸಾಲಿಗೆ ಹೋಗ್ತಾವರಿ. ಹುಡುಗ್ಯಾರ್ದು ಮಾತ್ರ ಹೇಳಾಕ ಬರೂದಿಲ್ಲ. ಅವ್ವ-ಅಪ್ಪ ಬಸ್ಸಿನ ಮ್ಯಾಲೆ ನಂಬಿಗಿ ಇಟ್ಟ ಕಳಸ್ತಾರ, ಸಾಲಿ ಮ್ಯಾಲೆ ಅಲ್ಲ" ಎನ್ನುತ್ತಾರೆ ದಾನವ್ವ.

ಬಸ್ಸು ಹೊರಡುತ್ತದೆ. ಹೊರಟದ್ದು ಗೊತ್ತಾಗುವುದು ಕಿಟಕಿಯಾಚೆ ಕಡಲೆ ಹೊಲಗಳು ಸರಿಯಲು ಶುರುವಾದಾಗಲೇ.

ದಾನವ್ವ ಹುಟ್ಟಿದ್ದು ಹೆಬ್ಬಳ್ಳಿಯಲ್ಲಿ. ಇಪ್ಪತ್ತೊಂದು ವರ್ಷದ ಹಿಂದೆ ಈ ಶಾಲೆಗೆ ಬಸ್ಸಿನ ಆಯಾ ಆಗಿ ಸೇರಿದರು. ಮಕ್ಕಳನ್ನು ಎತ್ತಿ ಹತ್ತಿಸುವುದು, ವಾಂತಿ ಮಾಡಿಕೊಂಡರೆ ಒರೆಸುವುದು, ನಿದ್ದೆ ಹೋದವರನ್ನು ಅವರವರ ಮನೆ ಬಂದಾಗ ಎಬ್ಬಿಸುವುದು. ಹದಿಮೂರು ವರ್ಷ ಇದೇ ಕೆಲಸ. ಮೇಲ್ವಿಚಾರಕ ಬಿಟ್ಟುಹೋದಾಗ ಬೇರೆ ಯಾರೂ ಸಿಗದೆ ಇವರನ್ನು ಕೂರಿಸಿದರು. ಮೊದಲ ವರ್ಷ ಚಾಲಕರು ಇವರ ಮಾತಿಗೆ ಸೊಪ್ಪು ಹಾಕಲಿಲ್ಲ. ರೂಟ್ ಬದಲಿಸಿದರೆ ಗುರ್ ಎನ್ನುತ್ತಿದ್ದರು. ದಾನವ್ವ ಜಗಳಕ್ಕಿಳಿಯಲಿಲ್ಲ. ಒಬ್ಬೊಬ್ಬರ ಬಸ್ಸಿನಲ್ಲೂ ಕುಳಿತು ಹೋದರು. ಯಾವ ನಿಲ್ದಾಣದಲ್ಲಿ ಯಾವ ಮಗು ತಡ ಮಾಡುತ್ತದೆ, ಯಾವ ತಿರುವಿನಲ್ಲಿ ಎಮ್ಮೆಗಳು ಅಡ್ಡ ಬರುತ್ತವೆ ಎಂದು ಚಾಲಕರಿಗೇ ಹೇಳತೊಡಗಿದರು. ಆಮೇಲೆ ಗುರ್ ಎನ್ನುವ ಗಂಟಲುಗಳು ತಣ್ಣಗಾದವು.

ಈಗ ದಿನಕ್ಕೆ ಸಾವಿರದ ನೂರು ಚಿಲ್ಲರೆ ಮಕ್ಕಳು, ಇನ್ನೂರ ಹನ್ನೆರಡು ನಿಲ್ದಾಣ, ಎಲ್ಲ ಬಸ್ಸು ಸೇರಿ ಸಾವಿರದ ನಾನೂರು ಕಿಲೋಮೀಟರು ದಾನವ್ವನ ತಲೆಯಲ್ಲಿ ಓಡುತ್ತವೆ. ಬೆಳಿಗ್ಗೆ ಐದಕ್ಕೆ ಮೊದಲ ಫೋನು. ಕಡೆಯ ಮಗು ಮನೆ ಸೇರಿತು ಎಂಬ ಸುದ್ದಿ ಬರುವವರೆಗೆ ಅವರು ಚಹಾ ಬಿಟ್ಟು ಬೇರೇನೂ ಬಾಯಿಗೆ ಹಾಕುವುದಿಲ್ಲ ಎಂದು ಚಾಲಕರು ದೂರುತ್ತಾರೆ. ಅದು ದೂರೋ ಹೊಗಳಿಕೆಯೋ ತಿಳಿಯಲಿಲ್ಲ.

ಈ ಇಪ್ಪತ್ತನಾಲ್ಕರಲ್ಲಿ ಏಳು ವಸ್ತಿ ಬಸ್ಸುಗಳು. ನಮ್ಮ ಕಡೆಯವರಿಗೆ ವಸ್ತಿ ಬಸ್ಸೆಂದರೆ ಬಿಡಿಸಿ ಹೇಳಬೇಕಿಲ್ಲ: ಸಂಜೆ ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಅಲ್ಲಿಂದಲೇ ಹೊರಡುವ ಬಸ್ಸು. ಚಾಲಕನ ಮನೆಯೂ ಅದೇ ಊರಿನಲ್ಲಿರುತ್ತದೆ. ಎಲೆಕ್ಟ್ರಿಕ್ ಬಸ್ಸಿನ ಮಾತು ಬಂದಾಗ ತೊಡಕಾದದ್ದು ಇಲ್ಲಿಯೇ. ಬಸ್ ಕಂಪನಿಯ ಎಂಜಿನಿಯರ್ ಮಿಲಿಂದ ಲ್ಯಾಪ್‌ಟಾಪಿನಲ್ಲಿ ಅಚ್ಚುಕಟ್ಟಾದ ಯೋಜನೆ ತಂದಿದ್ದರು. ಬಸ್ಸುಗಳೆಲ್ಲ ರಾತ್ರಿ ಗಬ್ಬೂರಿನ ಅಂಗಳದಲ್ಲಿ ನಿಂತು ಚಾರ್ಜ್ ಆಗಬೇಕು. ಹಳ್ಳಿಯಲ್ಲಿ ಚಾರ್ಜರ್ ಇಲ್ಲ, ಆದ್ದರಿಂದ ವಸ್ತಿ ಬೇಡ. ಉಪ್ಪಿನಬೆಟಗೇರಿಗೆ ನಲವತ್ತಾರು ಕಿಲೋಮೀಟರು. ನಸುಕಿನಲ್ಲಿ ಖಾಲಿ ಹೋಗಿ ತುಂಬಿ ಬರಬೇಕು, ಸಂಜೆ ತುಂಬಿ ಹೋಗಿ ಖಾಲಿ ಬರಬೇಕು. ಅಷ್ಟು ದೂರ ಬ್ಯಾಟರಿ ಬಾಳುವುದಿಲ್ಲ. ಆ ರೂಟಿನ ಹಳೆಯ ಡೀಸೆಲ್ ಬಸ್ಸಿಗೆ ಹದಿನೈದು ವರ್ಷ ತುಂಬಿ ಗುಜರಿಯ ಹೊತ್ತಾಗಿತ್ತು, ಹೊಸ ಡೀಸೆಲ್ ಬಸ್ಸು ಕೊಳ್ಳುವುದಿಲ್ಲವೆಂದು ಆಡಳಿತ ಮಂಡಳಿ ಠರಾವು ಮಾಡಿಯಾಗಿತ್ತು. ಹಾಗಾಗಿ ರೂಟನ್ನೇ ಕೈಬಿಡೋಣ ಎಂದರು ಕಾರ್ಯದರ್ಶಿ ರಾಜಶೇಖರ.

ದಾನವ್ವ ಸಭೆಯಲ್ಲಿ ಒಂದೇ ಮಾತು ಹೇಳಿದರಂತೆ: "ಎರಡ ತಿಂಗಳ ಟೈಮ್ ಕೊಡ್ರಿ ಸರ."

ಆ ಎರಡು ತಿಂಗಳು ಅವರು ಇಪ್ಪತ್ತನಾಲ್ಕು ಬಸ್ಸುಗಳಲ್ಲೂ ಸರದಿಯ ಮೇಲೆ ಹತ್ತಿಳಿದರು. ಎಷ್ಟು ಕಿಲೋಮೀಟರು, ಎಷ್ಟು ಸಲ ನಿಂತಿತು, ನವಲೂರಿನ ಏರಿನಲ್ಲಿ ಎಷ್ಟು ಮಕ್ಕಳ ಭಾರವಿತ್ತು, ಎಲ್ಲವನ್ನೂ ಬರೆದರು. ಪ್ರತಿ ಪುಟದ ಕೊನೆಯಲ್ಲಿ ಇನ್ನೊಂದು ಕಾಲಂ ಇತ್ತು: ಬಸ್ಸು ಸುಮ್ಮನೆ ನಿಂತ ಹೊತ್ತು. ಬೆಳಿಗ್ಗೆ ಎಂಟೂಮುಕ್ಕಾಲರಿಂದ ಮಧ್ಯಾಹ್ನ ಮೂರೂಮುಕ್ಕಾಲರವರೆಗೆ, ಬರೋಬ್ಬರಿ ಏಳು ತಾಸು, ಎಲ್ಲ ಬಸ್ಸುಗಳೂ ಶಾಲೆಯ ಬೇವಿನ ಮರಗಳ ಕೆಳಗೆ ನಿಂತಿರುತ್ತವೆ. ಚಾರ್ಜ್ ಆಗಲು ಬೇಕಾದದ್ದು ಮೂರೂವರೆ ತಾಸು.

"ನಾವೆಲ್ಲಾರೂ ಮೊಬೈಲ್ ರಾತ್ರಿ ಚಾರ್ಜಿಗೆ ಹಚ್ಚಿ ಮಲಗ್ತೇವಲ್ರಿ, ಬಸ್ಸೂ ಹಂಗ ಅಂತ ತಿಳ್ಕೊಂಡಿದ್ರು. ನಾ ಹೇಳಿದೆ, ಹುಡುಗ್ರು ಡಬ್ಬಿ ಬಿಚ್ಚೂ ಹೊತ್ನ್ಯಾಗ ಬಸ್ಸೂ ಊಟಾ ಮಾಡ್ಲಿ. ಹೊಟ್ಟಿ ತುಂಬಾ ಉಂಡು ಸಂಜೀಕ ಊರಿಗೆ ಹೋಗ್ಲಿ, ಅಲ್ಲೇ ಮಲಗ್ಲಿ, ಉಳಿದದ್ರಾಗ ಮುಂಜಾನೆ ವಾಪಸ್ ಬರ್ಲಿ. ಖಾಲಿ ತಿರುಗಾಡೂದ ಇಲ್ಲಲ್ಲ."

ಎಷ್ಟು ಸರಳ! ಆ ಬಸ್ಸುಗಳನ್ನು ದಿನವೂ ಶಾಲೆಯ ಎಲ್ಲರೂ ನೋಡುತ್ತಿದ್ದರು. ಆದರೂ ಯಾರಿಗೂ ಹೊಳೆದಿರಲಿಲ್ಲ. ಒಂದೇ ಚಾರ್ಜರ್ ಹಗಲು ಎರಡು ವಸ್ತಿ ಬಸ್ಸಿಗೆ, ರಾತ್ರಿ ಎರಡು ಪೇಟೆಯ ಬಸ್ಸಿಗೆ ಆಗುತ್ತದೆ ಎಂಬುದನ್ನೂ ದಾನವ್ವ ಲೆಕ್ಕ ಹಾಕಿದ್ದರು. ಬ್ಯಾಟರಿಗೂ ವಯಸ್ಸಾಗುತ್ತದೆ ಎಂದು ಮಿಲಿಂದ ಹೇಳಿದ್ದಕ್ಕೆ ಅವರ ಉತ್ತರ ಸಿದ್ಧವಿತ್ತು: "ಎಳೇ ಎತ್ತು ದೂರದ ಹೊಲಕ್ಕ ಹೊಡೀತೇವಿ, ವಯಸ್ಸಾದದ್ದು ಊರ ಮುಂದಿನ ಹೊಲಕ್ಕ. ಹೊಸಾ ಬಸ್ ಮೊದ್ಲ ಹಳ್ಳಿಗೆ ಕೊಡೂನು. ಐದಾರು ವರ್ಷ ಆದ ಮ್ಯಾಲೆ ಅದನ್ನ ಪ್ಯಾಟಿಗೆ ತರೂನು." ಮಿಲಿಂದ ಲ್ಯಾಪ್‌ಟಾಪ್ ಮುಚ್ಚಿ, ಆ ನೋಟ್‌ಬುಕ್ಕನ್ನು ಮನೆಗೆ ಒಯ್ಯಲು ಕೊಡುವಿರಾ ಎಂದು ಕೇಳಿದರಂತೆ. ದಾನವ್ವ ಕೊಡಲಿಲ್ಲ. ಜೆರಾಕ್ಸ್ ಮಾಡಿಸಿ ಕೊಟ್ಟರು.

ಒಂದು ದಿನವೂ ಬ್ಯಾಟರಿ ಇಪ್ಪತ್ತಕ್ಕಿಂತ ಕೆಳಗಿಳಿಯಬಾರದು ಎಂಬ ಷರತ್ತಿನ ಮೇಲೆ ನಲವತ್ತು ದಿನಗಳ ಪರೀಕ್ಷೆಗೆ ರಾಜಶೇಖರ ಒಪ್ಪಿದರು. ಮೊದಲ ದಿನವೇ ಎಡವಟ್ಟಾಯಿತು. ಶಾಬುದ್ದೀನ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದು ಕೂತರು. ಹತ್ತಿದ್ದು ಹನ್ನೊಂದೇ ಮಕ್ಕಳು. ಶಾಲೆಯಲ್ಲಿ ಗುಸುಗುಸು: ಬ್ಯಾಟರಿ ಸಿಡಿಯುತ್ತದೆಂದು ಪಾಲಕರು ಹೆದರಿದ್ದಾರೆ. ಜನರಿಗೇ ಬೇಡವಾದ ಬಸ್ಸು ನಮಗೇಕೆ, ವಾರದಲ್ಲಿ ನಿಲ್ಲಿಸಿಬಿಡೋಣ ಎಂದರು ರಾಜಶೇಖರ. ದಾನವ್ವ ಸಂಜೆಯ ಬಸ್ಸಿಗೇ ಉಪ್ಪಿನಬೆಟಗೇರಿಗೆ ಹೋಗಿ, ಒಂಬತ್ತನೆಯ ತರಗತಿಯ ಭಾಗ್ಯಶ್ರೀಯ ತಾಯಿ ಶೇವಂತೆವ್ವನ ಮನೆಯಲ್ಲಿ ಕುಳಿತರು.

"ಹೆದರಿಕಿ ಎಂಥಾದ್ದರಿ?" ಇಂದು ಬೆಳಿಗ್ಗೆ ಮಗಳನ್ನು ಬಸ್ಸು ಹತ್ತಿಸಲು ಬಂದ ಶೇವಂತೆವ್ವ ನನ್ನೆದುರೂ ಅದೇ ಮಾತು ಹೇಳಿ ನಕ್ಕಿದ್ದರು. "ಶಾಬುದ್ದೀನಣ್ಣ ಬಸ್ ಚಾಲೂ ಮಾಡಿದ್ರ ಇಡೀ ಓಣಿ ಗಡಗಡ ಅಂತಿತ್ರಿ. ಬ್ರೇಕಿಗೆ ಗಾಳಿ ತುಂಬಾಕ ಹತ್ತು ನಿಮಿಷ ಹಂಗ ಬಿಡ್ತಿದ್ರು. ಸಪ್ಪಳ ಕೇಳಿದ ಕೂಡ್ಲೇ ನಾ ಹುಡುಗಿ ಜಡಿ ಹಾಕಾಕ ಕುಂದರ್ತಿದ್ದೆ. ಎರಡನೇ ಜಡಿಗೆ ರಿಬ್ಬನ್ ಕಟ್ಟೂದಕ್ಕೂ ಬಸ್ ಹೊರಡೂದಕ್ಕೂ ಸರಿ ಆಗ್ತಿತ್ತು. ಅವತ್ತ ಸಪ್ಪಳನ ಇಲ್ಲ! ಬಸ್ ಬಂದಿಲ್ಲ ಅಂತ ಕುಂತೇವಿ, ಅದು ಹೋಗೇಬಿಟ್ಟಿತ್ತು."

ಹದಿನೈದು ವರ್ಷ ಒಂದು ಡೀಸೆಲ್ ಎಂಜಿನ್ ಆ ಓಣಿಯ ಗಡಿಯಾರವಾಗಿತ್ತು. ಎಲೆಕ್ಟ್ರಿಕ್ ಬಸ್ಸಿನ ಹೆಗ್ಗಳಿಕೆಯೆಂದು ಎಲ್ಲರೂ ಹೊಗಳುವ ಆ ಮೌನವೇ ಇಪ್ಪತ್ತು ಮಕ್ಕಳನ್ನು ಮನೆಯಲ್ಲಿ ಉಳಿಸಿತ್ತು. ದಾನವ್ವ ಇದನ್ನು ಹೇಳುವಾಗ ಹಣೆ ಚಚ್ಚಿಕೊಳ್ಳುತ್ತಾರೆ. "ಇಪ್ಪತ್ತೊಂದು ವರ್ಷ ಬಸ್ಸಿನ್ಯಾಗ ತಿರುಗಾಡಿದಾಕಿ ನಾ. ಕಿಲೋಮೀಟರ್ ಬರದೆ, ಏರು ಬರದೆ, ಸಪ್ಪಳ ಬರೀಲಿಲ್ಲ ನೋಡ್ರಿ. ಎಂಥಾ ದಡ್ಡಿ!"

ಹಾರ್ನ್ ಹೊಡೆಯೋಣವೆಂದರೆ ನಸುಕಿನಲ್ಲಿ ಊರೇ ಜಗಳಕ್ಕೆ ಬರುತ್ತದೆ. ಉಪಾಯ ಹೊಳೆದದ್ದು ಶಾಬುದ್ದೀನರಿಗೆ: ಹೊರಡುವ ಹತ್ತು ನಿಮಿಷ ಮೊದಲು ಬಸ್ಸು ಹಿಂದೆ ಮುಂದೆ ಆಡಿಸುವುದು. ರಿವರ್ಸಿನ ಪೀಂ ಪೀಂ ಓಣಿಗೆ ಮಾತ್ರ ಕೇಳುತ್ತದೆ, ಬ್ಯಾಟರಿ ಕೂದಲಷ್ಟೂ ಕರಗುವುದಿಲ್ಲ. ಮರುದಿನ ಇಪ್ಪತ್ತಾರು ಮಕ್ಕಳು ಬಂದರು, ನಾಲ್ಕನೆಯ ದಿನ ಮೂವತ್ತೊಂದು. ಬೆಳಿಗ್ಗೆ ನಾನು ಹುಚ್ಚಾಟವೆಂದುಕೊಂಡದ್ದು ಇದನ್ನೇ. ಅವರೆದುರು ಒಪ್ಪಿಕೊಳ್ಳಲು ನಾಚಿಕೆಯಾಯಿತು. ನೋಟ್‌ಬುಕ್ಕಿನಲ್ಲಿ ಉಳಿದ ಆರು ವಸ್ತಿ ಊರುಗಳ ಪುಟಗಳಿಗೆ ಈಗ ಹೊಸ ಕಾಲಂ ಸೇರಿದೆ: ಮಕ್ಕಳು ಏಳುವುದು ಯಾವ ಸದ್ದಿಗೆ?

ಧಾರವಾಡ ದಾಟಿ, ನವಲೂರು ದಾಟಿ, ಬಸ್ಸು ಹುಬ್ಬಳ್ಳಿಯತ್ತ ಇಳಿಯುತ್ತದೆ. ಮೂವತ್ತೆಂಟು, ಮೂವತ್ತೊಂದು, ಇಪ್ಪತ್ತೇಳು. ದಾನವ್ವ ಪರದೆಯಿಂದ ಕಣ್ಣು ಕೀಳುವುದಿಲ್ಲ. ಪರೀಕ್ಷೆಯ ನಡುವೆ ಒಂದು ದಿನ ರಸ್ತೆ ಅಗೆದಿದ್ದರಿಂದ ಸುತ್ತು ಹಾಕಿ ಸರಿಯಾಗಿ ಇಪ್ಪತ್ತಕ್ಕೆ ಬಂದು ಮುಟ್ಟಿದ್ದರಂತೆ. ಬೈಪಾಸಿನ ತಿರುವಿನಲ್ಲಿ ಟ್ರಕ್ಕುಗಳ ಸಾಲು. ಶಾಲೆಯ ಗೇಟು. ಇಪ್ಪತ್ತಮೂರು.

ಮಕ್ಕಳು ಏನೂ ಗೊತ್ತಿಲ್ಲದೆ ಇಳಿದು ಓಡುತ್ತಾರೆ. ದಾನವ್ವ ಸೆರಗಿನಿಂದ ಮುಖ ಒರೆಸಿಕೊಂಡು ಬಸ್ಸಿಗೆ ಚಾರ್ಜರ್ ಚುಚ್ಚುತ್ತಾರೆ.

ಹನ್ನೊಂದಕ್ಕೆ ರಾಜಶೇಖರ ಬರುತ್ತಾರೆ. ಮರದ ಕೆಳಗೆ ನಿಂತೇ ನಲವತ್ತು ದಿನಗಳ ಪುಟಗಳನ್ನು ಒಂದೊಂದಾಗಿ ತಿರುವುತ್ತಾರೆ. ಕೊನೆಗೆ ನೋಟ್‌ಬುಕ್ ಮುಚ್ಚಿ ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಡುತ್ತಾರೆ. "ನಾ ರೂಟ್ ಬಂದ್ ಮಾಡ್ರಿ ಅಂದಿದ್ದೆ ದಾನವ್ವಾರ. ನಂದ ತಪ್ಪಾತು. ಉಪ್ಪಿನಬೆಟಗೇರಿ ಬಸ್ ಇರ್ಲಿ. ಉಳಿದ ವಸ್ತಿ ಬಸ್ಸೂ ನೀವು ಬರದಂಗ ಮಾಡೂನು."

ದಾನವ್ವ "ಹೂನ್ರಿ ಸರ" ಎಂದಷ್ಟೇ ಹೇಳುತ್ತಾರೆ. ರಾಜಶೇಖರ ಹೋದ ಮೇಲೆ ಬಸ್ಸಿನ ಮೆಟ್ಟಿಲ ಮೇಲೆ ಕುಳಿತು ಸ್ವಲ್ಪ ಹೊತ್ತು ಅಳುತ್ತಾರೆ. ನಾನು ಬೇರೆ ಕಡೆ ನೋಡುತ್ತೇನೆ.

ಹೊರಡುವ ಮುನ್ನ ಕೇಳುತ್ತೇನೆ, ಇನ್ನೇನು ಚಿಂತೆ ಇಲ್ಲವಲ್ಲ? ದಾನವ್ವ ಆಗಲೇ ಹೊಸ ಪುಟ ತೆರೆದು ಗೆರೆ ಹೊಡೆಯುತ್ತಿದ್ದಾರೆ.

"ಐತ್ರಿ, ಐತಿ. ಶೇವಂತೆವ್ವಾರು ನಿನ್ನೆ ಹೇಳಿದ್ರು, ಜೂನಿಗೆ ಅವರ ಊರಿಂದ ಇನ್ನೂ ನಾಕು ಹುಡುಗ್ಯಾರು ಹೆಸರ ಹಚ್ಚಾಕತ್ತಾರಂತ. ಬಸ್ಸಿನ್ಯಾಗ ಇರೂದು ಮೂವತ್ತೆರಡ ಸೀಟು. ಮೂರು ಕಮ್ಮಿ ಬೀಳ್ತಾವು. ಎಲ್ಲಿ ಕುಂದ್ರಸಲಿ ಹೇಳ್ರಿ?"