ಲೋಟದಲ್ಲಿ ಉಳಿದದ್ದು

ಯೂನಿಫಾರಂ ಹೊಲಿಯುವ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗುಂಡಿಯಕ್ಕ ಎಂದೇ ಕರೆಯುತ್ತಿದ್ದರು. ಹದಿನಾರು ವರ್ಷದಿಂದ ಅವಳ ಕೆಲಸ ಒಂದೇ, ಅಂಗಿಗೆ ಗುಂಡಿ ಹಚ್ಚುವುದು. ಈಚೆಗೆ ಮುಖ ಬಿಳಿಚಿಕೊಂಡಿತ್ತು. "ಏನಕ್ಕಾ, ದಿನದಿನಕ್ಕೂ ಬೆಳ್ಳಗಾಗ್ತಿದೀಯ, ಯಾವ ಕ್ರೀಮು, ನಮಗೂ ಹೇಳೇ" ಎಂದು ಪಕ್ಕದ ಮಿಷನ್ನಿನವಳು ಕಾಲೆಳೆದಿದ್ದಳು. ಅದೇ ವಾರ ಗುಂಡಿಯಕ್ಕ ಅರ್ಧ ಹೊಲಿದ ಅಂಗಿಯ ಮೇಲೆ ತಲೆಯಿಟ್ಟು ಕುಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಿಪೋರ್ಟು ಹರವಿಕೊಂಡು, ನಾಟಿ ಔಷಧಿ ಏನಾದರೂ ಕುಡಿಯುತ್ತೀರಾ ಎಂದು ಕೇಳಿದರು. ಇಲ್ಲ ಎಂದಳು. ಅವಳ ಪಾಲಿಗೆ ಅದು ಸುಳ್ಳಲ್ಲ. ಮನೆಯಲ್ಲಿ ಕಷಾಯ ಕುದಿಯುತ್ತಿದ್ದದ್ದು ಅತ್ತೆಯ ಮಂಡಿನೋವಿಗೆ. ಬೇರು ತಂದುಕೊಡುತ್ತಿದ್ದವನು ಗಂಡ. ಕುದಿಸಿ, ಸೋಸಿ, ಆರಿಸಿ ಕೊಡುವುದಷ್ಟೇ ಅವಳದು. ಅತ್ತೆ ಎರಡು ಗುಟುಕು ಕುಡಿದು ಮುಖ ಸಿಂಡರಿಸಿ ಲೋಟ ಸರಿಸುತ್ತಿದ್ದರು. ಉಳಿದದ್ದನ್ನು ಚೆಲ್ಲಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. ಮಗಳು ತಟ್ಟೆಯಲ್ಲಿ ಬಿಟ್ಟದ್ದು, ಪಾತ್ರೆಯ ತಳ ಹಿಡಿದದ್ದು ಎಲ್ಲ ಹೋಗುತ್ತಿದ್ದ ಹೊಟ್ಟೆಗೇ ಅದೂ ಹೋಗುತ್ತಿತ್ತು, ಸಿಂಕಿನ ಮುಂದೆ ನಿಂತುಕೊಂಡೇ. ಐದು ವರ್ಷ. ಅದನ್ನು ಅವಳು ಔಷಧಿ ಕುಡಿಯುವುದೆಂದು ಎಣಿಸಿಯೇ ಇರಲಿಲ್ಲ. ಅದು ಪಾತ್ರೆ ತೊಳೆಯುವ ಕೆಲಸದ್ದೇ ಒಂದು ಭಾಗವಾಗಿತ್ತು.

ಮನೆಯಲ್ಲಿ ಬೇರೆ ಯಾರಿಗಾದರೂ ಮಾಡಿಕೊಡುತ್ತೀರಾ ಎಂದು ಡಾಕ್ಟರಮ್ಮ ಪ್ರಶ್ನೆ ತಿರುಗಿಸಿದ ಮೇಲೇ ಇಷ್ಟೂ ಹೊರಬಂತು. ಬೇರಿನ ಪೊಟ್ಟಣ ಪರೀಕ್ಷೆಗೆ ಹೋಯಿತು. ಹತ್ತು ದಿನ ಬಿಟ್ಟು ಕರೆಸಿದರು.

"ಇದು ವಿಷದ ಬೇರಮ್ಮ. ನಿಮ್ಮ ಎರಡು ಕಿಡ್ನೀನೂ ಮುದುರಿಹೋಗಿವೆ. ಮುಂದೆ ಮೂತ್ರನಾಳದಲ್ಲಿ ಕ್ಯಾನ್ಸರ್ ಆಗೋ ಭಯಾನೂ ಇದೆ. ಕುಡಿಯೋದು ಬಿಟ್ಟು ಎಷ್ಟೋ ವರ್ಷ ಆದ್ಮೇಲೂ ಬರಬಹುದು."

ತನ್ನ ಬಗ್ಗೆ ಹೇಳಿದ್ದು ಅವಳ ತಲೆಗೆ ಇಳಿಯಲೇ ಇಲ್ಲ. ಮನಸ್ಸು ಓಡಿದ್ದು ಮಗಳ ಕಡೆಗೆ. ಹದಿನೇಳರ ಮಗಳು ಮುಟ್ಟಿನ ಹೊಟ್ಟೆನೋವಿಗೆ ಮುದುಡಿ ಮಲಗಿದಾಗಲೆಲ್ಲ, ಇದೂ ನೋವೇ ತಾನೆ ಎಂದು ಅದೇ ಲೋಟದಿಂದ ಅವಳಿಗೂ ಕುಡಿಸಿದ್ದಳು. ಒಲ್ಲೆ ಎಂದವಳ ಮೂಗು ಹಿಡಿದು, ಆಮೇಲೆ ಬಾಯಿಗೆ ಸಕ್ಕರೆ ಹಾಕಿ. ಒಂದೂವರೆ ವರ್ಷ, ತಿಂಗಳಿಗೆ ಮೂರು ದಿನ.

ಮಗಳ ರಕ್ತ, ಮೂತ್ರ ಕೊಟ್ಟು ಬಂದರು. ಅತ್ತೆಯದೂ. ಉತ್ತರಕ್ಕೆ ನಾಲ್ಕು ದಿನ. ಗಿಡದ ಬೇರಿನಲ್ಲಿ ಏನಿರತ್ತೆ, ಈ ಡಾಕ್ಟರುಗಳೇ ಹೀಗೆ ಎಂದು ಗಂಡ ಗೊಣಗಿದ. ನಾನೂ ಕುಡಿದಿದೀನಲ್ಲ, ಗಟ್ಟಿಯಾಗಿಲ್ವಾ ಎಂದರು ಅತ್ತೆ. ಎರಡು ಗುಟುಕಿನ ಲೆಕ್ಕ ಅವರಿಗೆ ನೆನಪಿರಲಿಲ್ಲ. ಕಷಾಯದ ಪಾತ್ರೆಯನ್ನು ಅವಳು ಕಸಕ್ಕೆ ಎತ್ತಿಟ್ಟರೆ ಗಂಡ ವಾಪಸು ತಂದ.

"ಪಾತ್ರೆ ಏನೇ ಪಾಪ ಮಾಡಿದೆ? ಹಾಲು ಕಾಯಿಸೋಕಾಗಲ್ವಾ?"

ಅವಳು ಮೊಳೆ, ಸುತ್ತಿಗೆ ತಂದು ಪಾತ್ರೆ ಬೋರಲು ಹಾಕಿ ತಳಕ್ಕೆ ತೂತು ಹೊಡೆದಳು. ಒಂದು ಸಾಲದೆಂದು ನಾಲ್ಕು, ಗುಂಡಿಯ ಕಣ್ಣುಗಳ ಹಾಗೆ. ಅವನು ಮೆಲ್ಲನೆ ಅಲ್ಲಿಂದ ಸರಿದ.

ಐದನೆಯ ದಿನ ಡಾಕ್ಟರಮ್ಮನೇ ಫೋನು ಮಾಡಿದರು. ಅತ್ತೆಯದು ಪರವಾಗಿಲ್ಲ. ಮಗಳ ಕಿಡ್ನಿ ಸದ್ಯಕ್ಕೆ ಸರಿಯಾಗಿದೆ, ಆದರೆ ವರ್ಷ ವರ್ಷ ತಪ್ಪದೆ ಪರೀಕ್ಷೆ ಆಗಬೇಕು, ಮೂತ್ರದಲ್ಲಿ ಕೆಂಪು ಕಂಡರೆ ಆ ದಿನವೇ ಬರಬೇಕು. ಎಷ್ಟು ವರ್ಷ ಎಂದು ಕೇಳಿದಳು. ಕೊನೇವರೆಗೂ ಎಂಬ ಉತ್ತರ ಬಂತು.

ಫೋನಿಗೆ ಕಿವಿಯಾನಿಸಿ ನಿಂತಿದ್ದ ಮಗಳು ಗೆದ್ದೆ ಎಂಬಂತೆ ನಕ್ಕಳು. ಅವಳಿಗೆ 'ಸರಿಯಾಗಿದೆ' ಮಾತ್ರ ಕೇಳಿಸಿತ್ತು, ತಾಯಿಗೆ 'ಸದ್ಯಕ್ಕೆ' ಮಾತ್ರ.

ಅದಾಗಿ ವಾರ ಕಳೆದ ಒಂದು ಬೆಳಿಗ್ಗೆ, ಮಗಳು ಬಚ್ಚಲ ಬಾಗಿಲ ಚಿಲಕ ಹಾಕಿದ ಸದ್ದಿಗೆ ಗುಂಡಿಯಕ್ಕ ಒಲೆ ಆರಿಸಿ ಓಡಿಬಂದಳು.

"ನೀರು ಬಿಡ್ಬೇಡ ಕಣೇ, ತಡಿ. ನಾನೊಂದ್ಸಲ ನೋಡ್ತೀನಿ."

"ಅಮ್ಮಾ, ನಿನ್ನೆನೂ ನೋಡಿದ್ಯಲ್ಲ."

"ಬಾಗ್ಲು ತೆಗಿ" ಎಂದಳು ಅವಳು.